ನಿಮಗಿದು ಗೊತ್ತೆ? ಮುತ್ತಜ್ಜನ ಲೆಕ್ಕ ಹೆಳವರ ಹತ್ತಿರ!

ಅಜ್ಜನ ಅಪ್ಪನ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ಉತ್ತರ ಕರ್ನಾಟಕದ ಹೆಳವರು ಹಾಗಲ್ಲ. ಸುಗ್ಗಿ ಮುಗಿದ ಮೇಲೆ ಎತ್ತೇರಿ, ಗಂಟೆ ಬಾರಿಸುತ್ತ ಊರಿಗೆ ಬರುವ ಇವರು ಮನೆಯೆದುರು ನಿಂತು ಆ ವಂಶದ ಹೆಸರುಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಮೂಲ ಊರು ಯಾವುದು, ಬೆಡಗು (ಕುಲದ ಕವಲು) ಯಾವುದು, ಅಲ್ಲಿಂದ ಏಕೆ ಗುಳೆ ಎದ್ದರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು, ಎಲ್ಲವೂ ಬರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನೂ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಕಾಣಿಕೆ ಪಡೆದು ಮುಂದಿನ ಮನೆಗೆ ನಡೆಯುತ್ತಾರೆ.

ವಂಶದ ಲೆಕ್ಕವನ್ನು ನೀವೇ ಹುಡುಕಲು ಹೊರಟಾಗ ಮನೆಯ ಹಳೇ ಪತ್ರದಲ್ಲಿ ಇಸವಿಯ ಬದಲು ಸಂವತ್ಸರವಷ್ಟೇ ಇದ್ದರೆ ತುಸು ಎಚ್ಚರ. ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಧಾತು ಸಂವತ್ಸರ 1876ರಲ್ಲೂ ಬಂತು, 1936ರಲ್ಲೂ ಬಂತು. ‘ಧಾತು ಈಶ್ವರದ ಬರ’ ಎಂದಿದ್ದರೆ ಮಾತ್ರ ಗೊಂದಲವಿಲ್ಲ. ಅದು ಮೈಸೂರು, ಬಳ್ಳಾರಿ, ಧಾರವಾಡ ಸೀಮೆಗಳನ್ನು ಹಿಂಡಿದ 1876-78ರ ಕ್ಷಾಮ. ಎಷ್ಟೋ ಮನೆತನಗಳು ಊರು ಬಿಟ್ಟ ಕಾಲ. ಪತ್ರದಲ್ಲಿ ಶಕವರ್ಷ ಸಿಕ್ಕಿತೇ? 78 ಕೂಡಿಸಿ, ಇಸವಿ ಬರುತ್ತದೆ. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ 79.