ಕರಿ ಮಷಿನ್ನಿನಲ್ಲಿ ಕಾಜಾ, ಜಿಪ್: ನಂಬಿಕೆ ಎಷ್ಟು, ನಿಜ ಎಷ್ಟು

ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಹಳೆಯ ಉಷಾ, ಸಿಂಗರ್, ಮೆರಿಟ್ ಮಷಿನ್ನುಗಳ ಬಗ್ಗೆ ಕೇಳಿಬರುವುದು ಹೆಚ್ಚುಕಮ್ಮಿ ಒಂದೇ ಮಾತು. "ಅದರಲ್ಲಿ ನೇರ ಹೊಲಿಗೆ ಬಿಟ್ಟರೆ ಏನೂ ಬರಲ್ಲ. ಕಾಜಾಕ್ಕೆ ಟೈಲರ್ ಹತ್ತಿರ ಕೊಡಬೇಕು, ಜಿಪ್ ಹೊಲಿಯೋಕೆ ಹೊಸ ಜಿಗ್‌ಜಾಗ್ ಮಷಿನ್ನೇ ಬೇಕು." ಈ ಮಾತು ನಂಬಿ ಎಷ್ಟೋ ಗಟ್ಟಿಮುಟ್ಟಾದ ಮಷಿನ್ನುಗಳನ್ನು ಗುಜರಿಗೆ ಹಾಕಿದ್ದಾರೆ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಮಾತಿನಲ್ಲಿ ಸತ್ಯವಿರುವುದು ಇಷ್ಟೇ: ಆ ಮಷಿನ್ನಿನ ಸೂಜಿ ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ಎಡಬಲಕ್ಕೆ ಸರಿಯುವುದಿಲ್ಲ. ಆದರೆ ಕಾಜಾಕ್ಕೆ ಸೂಜಿಯೇ ಸರಿಯಬೇಕೆಂದಿಲ್ಲ, ಬಟ್ಟೆ ಸರಿದರೂ ಸಾಕು.

ಬಟನ್‌ಹೋಲ್ ಅಟ್ಯಾಚ್‌ಮೆಂಟ್ ಮಾಡುವುದು ಇದನ್ನೇ. ಮಾಮೂಲಿ ಫೂಟ್ ಬಿಚ್ಚಿ ಅದೇ ಜಾಗಕ್ಕೆ ಇದನ್ನು ಸ್ಕ್ರೂ ಹಾಕಿ ಕೂರಿಸಬೇಕು. ಇದರ ಬದಿಯಲ್ಲಿ ಕವೆಯಂಥ ಒಂದು ಕೈ ಇರುತ್ತದೆ. ಸೂಜಿಯನ್ನು ಬಿಗಿಹಿಡಿಯುವ ಸ್ಕ್ರೂ ಆ ಕವೆಯ ನಡುವೆ ಕೂರಬೇಕು. ಸೂಜಿ ಏರಿಳಿದಂತೆ ಕೈಯೂ ಏರಿಳಿಯುತ್ತದೆ, ಸೂಜಿ ಬಟ್ಟೆಯಿಂದ ಮೇಲಿರುವಾಗ ಬಟ್ಟೆಯನ್ನು ಒಮ್ಮೆ ಎಡಕ್ಕೆ, ಮುಂದಿನ ಸಲ ಬಲಕ್ಕೆ ತಳ್ಳುತ್ತದೆ. ಸೂಜಿ ಇಳಿಯುವುದು ಇದ್ದಲ್ಲಿಗೇ, ಹೊಲಿಗೆ ಮಾತ್ರ ಅಂಕುಡೊಂಕಾಗಿ ಬೀಳುತ್ತದೆ. ಅಚ್ಚು ಹಾಕುವ ಬಗೆಯ ಅಟ್ಯಾಚ್‌ಮೆಂಟ್ ಆದರೆ ಒಳಗೆ ಒಂದು ಹಲ್ಲುಚಕ್ರ ಲೋಹದ ಅಚ್ಚನ್ನು ನಿಧಾನವಾಗಿ ಸುತ್ತಿಸುತ್ತಿರುತ್ತದೆ. ಕಾಜಾ ಎಷ್ಟು ಉದ್ದ, ತುದಿ ಚಪ್ಪಟೆಯೋ ದುಂಡಗೋ ಕೋಟಿನ ಕಾಜಾದಂತೆ ಬೀಗದ ಕಂಡಿಯ ಆಕಾರವೋ, ಎಲ್ಲವೂ ಅಚ್ಚಿನಲ್ಲೇ ಇದೆ. ಬೇರೆ ಅಳತೆ ಬೇಕೆಂದರೆ ಬೇರೆ ಅಚ್ಚು. ಹೀಗೆ ಆದ ಕಾಜಾಗಳು ಮೊದಲನೆಯದರಿಂದ ಕೊನೆಯದರವರೆಗೆ ಒಂದೇ ಅಳತೆಗೆ ಬರುತ್ತವೆ. ಎಡ ಸಾಲು ಬಲ ಸಾಲುಗಳಿಗೆ ಬೇರೆಬೇರೆಯಾಗಿ ಗುಂಡಿ ತಿರುಗಿಸಬೇಕಾದ ಅಗ್ಗದ ಜಿಗ್‌ಜಾಗ್ ಮಷಿನ್ನುಗಳ ಕಾಜಾಕ್ಕಿಂತ ಇದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿಂದಲೇ ಇನ್ನೊಂದು ತಪ್ಪು ತಿಳಿವಳಿಕೆ ಶುರುವಾಗುತ್ತದೆ. ಕಾಜಾ ದಟ್ಟವಾಗಿ ಬರಬೇಕೆಂದರೆ ಮಷಿನ್ನಿನ ಹೊಲಿಗೆ ಉದ್ದದ ಸ್ಕ್ರೂವನ್ನು ಅತಿ ಸಣ್ಣದಕ್ಕೆ ಇಡಬೇಕು ಎನ್ನುತ್ತಾರೆ. ಆ ಸ್ಕ್ರೂ ಹತೋಟಿ ಮಾಡುವುದು ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಕೆಳಗಿನ ಹಲ್ಲುಗಳನ್ನು. ಅಟ್ಯಾಚ್‌ಮೆಂಟ್ ಹಾಕಿದಾಗ ಬಟ್ಟೆಯನ್ನು ನಡೆಸುವ ಹೊಣೆ ಪೂರ್ತಿ ಅದರದ್ದೇ, ಹಲ್ಲುಗಳಿಗೆ ಕೆಲಸವಿಲ್ಲ. ಕೆಲಸವಿಲ್ಲ ಎಂದಷ್ಟೇ ಅಲ್ಲ, ಅವು ಬಟ್ಟೆಗೆ ತಾಗಲೇಬಾರದು. ಮಷಿನ್ನಿನಲ್ಲಿ ಹಲ್ಲು ಇಳಿಸುವ ಸೌಲಭ್ಯ ಇದ್ದರೆ ಇಳಿಸಿ. ಇಲ್ಲದಿದ್ದರೆ ಅಟ್ಯಾಚ್‌ಮೆಂಟಿನ ಡಬ್ಬಿಯಲ್ಲಿ ನಡುವೆ ತೂತಿರುವ ಒಂದು ಚಪ್ಪಟೆ ಲೋಹದ ತಟ್ಟೆ ಇರುತ್ತದೆ, ಅದನ್ನು ಹಲ್ಲಿನ ಮೇಲೆ ಮುಚ್ಚಿ ಸ್ಕ್ರೂ ಬಿಗಿಯಿರಿ. ಹಳೆಯ ಡಬ್ಬಿ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಈ ತಟ್ಟೆ ಇದೆಯೇ ಎಂದು, ಕಳೆದುಹೋಗುವುದು ಹೆಚ್ಚಾಗಿ ಅದೇ. ತಟ್ಟೆ ಮುಚ್ಚದೆ ಹೊಲಿದರೆ ಹಲ್ಲು ಒಂದು ಕಡೆ, ಅಟ್ಯಾಚ್‌ಮೆಂಟ್ ಇನ್ನೊಂದು ಕಡೆ ಎಳೆದು ದಾರ ಒಂದೇ ಕಡೆ ಗಂಟುಕಟ್ಟುತ್ತದೆ. ಆಗ "ಮಷಿನ್ ಹಳೆಯದಾಯ್ತು" ಎಂದು ಮಷಿನ್ನನ್ನೇ ಬೈಯುತ್ತೇವೆ. ದಟ್ಟ ಕಾಜಾ ಬೇಕಿದ್ದರೆ ಒಂದು ಸುತ್ತು ಮುಗಿದ ಮೇಲೆ ನಿಲ್ಲಿಸದೆ ಅದರ ಮೇಲೆಯೇ ಇನ್ನೊಂದು ಸುತ್ತು ಹೊಡೆಯಿರಿ. ಹೊಲಿಗೆಯ ಅಗಲಕ್ಕೆ ಅಟ್ಯಾಚ್‌ಮೆಂಟಿನಲ್ಲೇ ಬೇರೆ ತಿರುಗಣೆ ಇದೆ.

"ಟೆನ್ಶನ್ ಬಿಗಿ ಮಾಡಿದಷ್ಟೂ ಕಾಜಾ ಗಟ್ಟಿ" ಎನ್ನುವುದಂತೂ ತಿರುಗುಮುರುಗಾದ ಮಾತು. ನೇರ ಹೊಲಿಗೆಯಲ್ಲಿ ಮೇಲಿನ ದಾರ, ಬಾಬಿನ್ ದಾರ ಬಟ್ಟೆಯ ನಡುವೆ ಸಂಧಿಸಬೇಕು. ಕಾಜಾದಲ್ಲಿ ಹಾಗಲ್ಲ, ಗಂಟು ಸ್ವಲ್ಪ ಕೆಳಭಾಗಕ್ಕೆ ಜಾರಿದರೆ ಮೇಲೆ ಕಾಣುವ ದಾರ ತುಂಬಿಕೊಂಡು ದುಂಡಗೆ ಕೂರುತ್ತದೆ. ಅದಕ್ಕೆ ಮೇಲಿನ ಟೆನ್ಶನ್ ತುಸು ಸಡಿಲ ಮಾಡಬೇಕು. ಬಿಗಿ ಮಾಡಿದರೆ ಬಾಬಿನ್ ದಾರ ಮೇಲಕ್ಕೆ ಚುಕ್ಕಿಚುಕ್ಕಿಯಾಗಿ ಕಾಣಿಸಿಕೊಂಡು ಬಟ್ಟೆ ಸುಕ್ಕುಗಟ್ಟುತ್ತದೆ. ಸುಕ್ಕಿಗೆ ಇನ್ನೊಂದು ಕಾರಣ ಒಳಗೆ ಬಕ್ರಂ ಇಲ್ಲದಿರುವುದು. ತೆಳುವಾದ ಒಂಟಿ ಪದರದ ಮೇಲೆ ಯಾವ ಮಷಿನ್ನಿನಲ್ಲೂ ಒಳ್ಳೆಯ ಕಾಜಾ ಬರುವುದಿಲ್ಲ. ಶರ್ಟಿನ ಪಟ್ಟಿಯಲ್ಲಿ ಎಷ್ಟು ಪದರ, ಎಂಥ ಬಕ್ರಂ ಇದೆಯೋ ಅಷ್ಟನ್ನೇ ಇಟ್ಟು ಒಂದು ಚೂರಿನ ಮೇಲೆ ಹೊಲಿದು, ಕತ್ತರಿಸಿ, ಗುಂಡಿ ತೂರಿಸಿ ನೋಡಿ, ಆಮೇಲೆ ಶರ್ಟಿಗೆ ಕೈ ಹಾಕಿ.

ಬಟ್ಟೆಯ ಅಡಿಯಲ್ಲಿ ದಾರ ಬಳ್ಳಿಬಳ್ಳಿಯಾಗಿ ಜೋತುಬಿದ್ದರೆ ಬಹಳ ಮಂದಿ ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ತಿರುಗಿಸಲು ಹೋಗುತ್ತಾರೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅಡಿಯಲ್ಲಿ ಕಾಣುವ ಬಳ್ಳಿ ಮೇಲಿನ ದಾರದ್ದು. ಫೂಟ್ ಕೆಳಗಿದ್ದಾಗ ಟೆನ್ಶನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ಆಗ ದಾರ ಹಾಕಿದರೆ ಅದು ಬಿಲ್ಲೆಗಳ ನಡುವೆ ಇಳಿಯದೆ ಹೊರಗೇ ಉಳಿಯುತ್ತದೆ. ಫೂಟ್ ಎತ್ತಿ ಮತ್ತೊಮ್ಮೆ ದಾರ ಹಾಕಿದರೆ ಹೆಚ್ಚಿನ ಸಲ ಅಲ್ಲಿಗೇ ಸರಿಹೋಗುತ್ತದೆ. ಸೂಜಿಯನ್ನೂ ನೋಡಿಬಿಡಿ: ಅದರ ಉದ್ದನೆಯ ಗೀರು ದಾರ ಒಳಬರುವ ಕಡೆಗಿರಬೇಕು, ಚಪ್ಪಟೆ ಬದಿ ಅದಕ್ಕೆ ಎದುರಾಗಿರಬೇಕು. ಮಾಮೂಲಿ ಹತ್ತಿ ಬಟ್ಟೆಗೆ 14 ಅಥವಾ 16ನೇ ನಂಬರು, ಜೀನ್ಸಿಗೆ 18.

ಅಟ್ಯಾಚ್‌ಮೆಂಟು ಎಲ್ಲ ಮಷಿನ್ನಿಗೂ ಆಗುತ್ತದೆ ಎಂದು ಅಂಗಡಿಯಲ್ಲಿ ಹೇಳಬಹುದು, ಆಗುವುದಿಲ್ಲ. ಫೂಟ್ ಕೂರುವ ಕಡ್ಡಿಯ ಎತ್ತರ ಹೊಂದಬೇಕು. ನಮ್ಮ ಕರಿ ಮಷಿನ್ನುಗಳು ಹೆಚ್ಚಾಗಿ ಗಿಡ್ಡ ಕಡ್ಡಿಯವು: ಫೂಟ್ ಇಳಿಸಿದಾಗ ತಟ್ಟೆಯಿಂದ ಫೂಟಿನ ಸ್ಕ್ರೂವರೆಗೆ ಅರ್ಧದಿಂದ ಮುಕ್ಕಾಲು ಅಂಗುಲ. ಸಿಂಗರ್ 301, 401ರಂಥ ಮಾದರಿಗಳಲ್ಲಿ ಸೂಜಿಯೇ ಓರೆಯಾಗಿ ಇಳಿಯುತ್ತದೆ, ಅವುಗಳ ಬಿಡಿಭಾಗ ಇವಕ್ಕೆ ಕೂರದು.

ಜಿಪ್ ವಿಷಯಕ್ಕೆ ಬಂದರೂ ಸೂತ್ರ ಅದೇ. ಸೂಜಿ ಸರಿಯದಿದ್ದರೆ ಫೂಟ್ ಸರಿಸಿ. ಮಾಮೂಲಿ ಫೂಟಿಗೆ ಎರಡು ಕಾಲು, ಒಂದು ಕಾಲು ಜಿಪ್ಪಿನ ಹಲ್ಲಿನ ಮೇಲೆ ಹತ್ತಿ ಕೂತರೆ ಹೊಲಿಗೆ ದೂರ ಸರಿಯುತ್ತದೆ. ಒಂಟಿ ಕಾಲಿನ ಜಿಪ್ ಫೂಟಿನ ಹಿಂದೆ ಒಂದು ಸ್ಕ್ರೂ ಇದೆ. ಅದನ್ನು ಸಡಿಲಿಸಿ ಫೂಟನ್ನು ಪಕ್ಕಕ್ಕೆ ಜಾರಿಸಿ, ಸೂಜಿ ಅದರ ಬದಿಯ ಕಚ್ಚಿನ ನಡುವೆ ಇಳಿಯುವಂತೆ ಮಾಡಿ ಬಿಗಿಯಿರಿ. ಪೆಡಲ್ ತುಳಿಯುವ ಮೊದಲು ಚಕ್ರವನ್ನು ಕೈಯಲ್ಲೇ ಒಂದು ಪೂರ್ತಿ ಸುತ್ತು ತಿರುಗಿಸಿ, ಸೂಜಿ ಎಲ್ಲೂ ತಾಗುತ್ತಿಲ್ಲ ಎಂದು ಕಣ್ಣಾರೆ ನೋಡಿ. ಜಿಪ್ಪಿನ ಇನ್ನೊಂದು ಬದಿಗೆ ಫೂಟನ್ನು ಆಚೆ ಜಾರಿಸಿ ಇದೇ ಪರೀಕ್ಷೆ ಮತ್ತೊಮ್ಮೆ. ಸೂಜಿ ಮುರಿಯುವುದು ಮಷಿನ್ನಿಗೆ ವಯಸ್ಸಾಯಿತೆಂದಲ್ಲ, ಸೂಜಿ ಫೂಟಿಗೋ ಲೋಹದ ಹಲ್ಲಿಗೋ ಬಡಿಯುವುದರಿಂದ.

ಹೊಲಿಗೆ ಹಲ್ಲಿಗೆ ಎಷ್ಟು ಹತ್ತಿರವೋ ಅಷ್ಟು ಚೆಂದ ಎಂಬುದೂ ಪೂರ್ತಿ ನಿಜವಲ್ಲ. ಮಾಮೂಲಿ ಜಿಪ್ಪಿಗೆ ಹಲ್ಲಿನಿಂದ 3 ಮಿಲಿಮೀಟರಿನಷ್ಟು ಜಾಗ ಬೇಕು, ಇಲ್ಲವಾದರೆ ರನ್ನರ್ ಬಟ್ಟೆಯನ್ನು ಕಚ್ಚಿಹಾಕುತ್ತದೆ. ರನ್ನರ್ ಹತ್ತಿರ ಹೊಲಿಗೆ ಸೊಟ್ಟಗಾಗುವುದಕ್ಕೂ ಉಪಾಯವಿದೆ. ಜಿಪ್ ಅರ್ಧ ತೆಗೆದಿಟ್ಟು ಶುರುಮಾಡಿ. ರನ್ನರ್ ಹತ್ತಿರ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ ನಿಲ್ಲಿಸಿ, ಫೂಟ್ ಎತ್ತಿ ರನ್ನರನ್ನು ಮೆಲ್ಲಗೆ ಹಿಂದಕ್ಕೆ ದಾಟಿಸಿ, ಫೂಟ್ ಇಳಿಸಿ ಮುಂದುವರಿಸಿ. ಗುಂಡುಪಿನ್ನಿಗಿಂತ ಕಚ್ಚಾ ಹೊಲಿಗೆ ಹಾಕಿಕೊಂಡರೆ ಬಟ್ಟೆ ಜಾರುವುದಿಲ್ಲ.

ಇಷ್ಟೆಲ್ಲ ಹೊಂದಿಸಿದರೂ ಮಷಿನ್ ಭಾರವಾಗಿ ತಿರುಗುತ್ತಿದ್ದರೆ ಎಣ್ಣೆಯ ಕಡೆ ನೋಡಿ. ಕೊಬ್ಬರಿ ಎಣ್ಣೆ ಸಾಕು ಎನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬೆಂಗಳೂರು, ಮಡಿಕೇರಿಯ ಚಳಿಗಾಲದ ಬೆಳಗ್ಗೆ ಶಟಲ್ಲಿನೊಳಗೂ ಆಗುವುದು ಅದೇ. ವರ್ಷಗಟ್ಟಲೆ ಹಾಕಿದ ಅಡುಗೆ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ. ಅಂಟನ್ನು ಸೀಮೆಎಣ್ಣೆ ಬಿಟ್ಟು ಕರಗಿಸಿ ಒರೆಸಬಹುದು, ಆದರೆ ಸೀಮೆಎಣ್ಣೆಯೇ ಎಣ್ಣೆಯಲ್ಲ. ಒರೆಸಿದ ಮೇಲೆ ಅಂಗಡಿಯಲ್ಲಿ ಸಿಗುವ ತಿಳಿಯಾದ ಮಷಿನ್ ಎಣ್ಣೆಯನ್ನು ಪ್ರತಿ ತೂತಿಗೂ ಒಂದೊಂದು ಹನಿ ಬಿಡಲೇಬೇಕು. ಆಮೇಲೆ ಹಳೆಯ ಬಟ್ಟೆಯ ಮೇಲೆ ಸ್ವಲ್ಪ ಓಡಿಸಿದರೆ ಬಿಳಿ ಶರ್ಟಿಗೆ ಕಲೆಯಾಗುವುದು ತಪ್ಪುತ್ತದೆ.

ಇನ್ನು ಕತ್ತರಿಸುವುದು. ಕೈ ಕಾಜಾ ಹಾಕುವವರು ಮೊದಲು ಸೀಳಿ, ಆಮೇಲೆ ಅಂಚಿಗೆ ಹೊಲಿಗೆ ಹಾಕುತ್ತಾರೆ. ಅದನ್ನು ನೋಡಿ ಬೆಳೆದವರು ಮಷಿನ್ ಕಾಜಾಕ್ಕೂ ಮೊದಲೇ ಸೀಳಿಬಿಡುತ್ತಾರೆ, ಬಟ್ಟೆ ಹಿಂಜಿ ಕೆಲಸ ಕೆಡುತ್ತದೆ. ಮಷಿನ್ನಿನಲ್ಲಿ ಹೊಲಿಗೆ ಮೊದಲು, ಸೀಳುವುದು ಕೊನೆಗೆ. ಕಾಜಾದ ಎರಡೂ ತುದಿಗೆ ಅಡ್ಡಲಾಗಿ ಒಂದೊಂದು ಗುಂಡುಪಿನ್ನು ಚುಚ್ಚಿ, ಒಂದು ತುದಿಯಿಂದ ನಡುವಿನವರೆಗೆ ರಿಪ್ಪರ್ ಓಡಿಸಿ, ಬಟ್ಟೆ ತಿರುಗಿಸಿಕೊಂಡು ಇನ್ನೊಂದು ತುದಿಯಿಂದ ಮತ್ತೆ ನಡುವಿಗೆ ಬನ್ನಿ.