ಮೋಡದೊಳಗಿನ ಇಳಿಜಾರು

ನಮ್ಮ ಕಾಸರಗೋಡು ಸೀಮೆಯಿಂದ ಕೊಲ್ಲಿ ನಾಡುಗಳಿಗೆ ಉದ್ಯೋಗಾರ್ಥವಾಗಿ ಹೋಗಿಬರುವವರಲ್ಲಿ ಅನೇಕರು ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿಯುವರು. ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ಕಟ್ಟಿದ ನಿಲ್ದಾಣವದು. ಮಳೆಗಾಲದ ಮೋಡ ಕವಿದಾಗ ಚಾಲಕನಿಗೆ ನೆಲವೇ ಕಾಣದು. ಆಗ ವಿಮಾನವು ಯಾವ ಆಧಾರದಿಂದ ಕೆಳಗಿಳಿಯುತ್ತದೆ? ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಓಡುದಾರಿಯ ಪಕ್ಕದಲ್ಲಿ ನಿಲ್ಲಿಸಿದ ಕಂಬವೊಂದು ಒಂದರ ಮೇಲೊಂದರಂತೆ ಎರಡು ರೇಡಿಯೋ ಕಿರಣಗಳನ್ನು ಆಗಸಕ್ಕೆ ಬೀರುತ್ತದೆ. ಮೇಲಣ ಕಿರಣದಲ್ಲಿ ಸೆಕೆಂಡಿಗೆ 90 ಕಂಪನಗಳ ಸ್ವರವೂ ಕೆಳಗಣ ಕಿರಣದಲ್ಲಿ 150 ಕಂಪನಗಳ ಸ್ವರವೂ ಪ್ರಬಲವಾಗಿರುತ್ತವೆ. ಎರಡೂ ಸಮಬಲವಾಗಿ ದೊರೆಯುವ ಗೆರೆಯೇ ಇಳಿಜಾರು ಪಥ. ಸಾಮಾನ್ಯವಾಗಿ ಅದರ ಕೋನ 3 ಡಿಗ್ರಿ. ಎಂದರೆ ಒಂದು ಕಿಲೋಮೀಟರು ಮುಂದೆ ಸಾಗುವಷ್ಟರಲ್ಲಿ ವಿಮಾನವು ಸುಮಾರು 52 ಮೀಟರು ಇಳಿಯಬೇಕು.

ಆಟೋಪೈಲಟ್ ಎಂದು ಕರೆಯಲ್ಪಡುವ ಸ್ವಯಂಚಾಲಕ ಯಂತ್ರವು ಈ ಎರಡು ಸ್ವರಗಳನ್ನು ಎಡೆಬಿಡದೆ ತೂಗಿನೋಡುತ್ತದೆ. 90ರ ಸ್ವರ ಹೆಚ್ಚಾದರೆ ವಿಮಾನ ಪಥಕ್ಕಿಂತ ಮೇಲಿದೆಯೆಂದರಿತು ಮೂತಿಯನ್ನು ತಗ್ಗಿಸುತ್ತದೆ. 150ರದು ಹೆಚ್ಚಾದರೆ ಎತ್ತುತ್ತದೆ. ಮನುಷ್ಯನ ಕೈಗೆ ಬರುವ ದಣಿವು ಅದಕ್ಕಿಲ್ಲ.

ಆದರೆ ಇಲ್ಲೊಂದು ಅಪಾಯವುಂಟು. ನೆಲಕ್ಕೆ ತಾಗಿ ಮರಳುವ ಅಲೆಗಳು ನಿಜವಾದ ಪಥದ ಮೇಲ್ಗಡೆ, ಸುಮಾರು 9 ಡಿಗ್ರಿಯಷ್ಟು ಕಡಿದಾದ ಹುಸಿಪಥವನ್ನೂ ಉಂಟುಮಾಡುತ್ತವೆ. ಈ ಕಾರಣದಿಂದಲೇ ಪಥವನ್ನು ಕೆಳಗಿನಿಂದ ಸೇರಬೇಕೆಂಬ ಪದ್ಧತಿ ಬೆಳೆದಿದೆ. ಯಂತ್ರವು ಪಥವನ್ನು ಹಿಡಿಯಿತೆಂಬುದನ್ನು ಚಾಲಕರು ಸೂಚಕಫಲಕದಲ್ಲಿ ನೋಡಿಕೊಳ್ಳತಕ್ಕುದು. ನಕ್ಷೆಯಲ್ಲಿ ಗುರುತಿಸಿದ ಸ್ಥಳ ಬಂದಾಗ ಎತ್ತರಮಾಪಕದ ಅಂಕಿಯನ್ನು ನಕ್ಷೆಯ ಅಂಕಿಯೊಡನೆ ಹೋಲಿಸತಕ್ಕುದು. ಪ್ರಥಮ ದರ್ಜೆಯ ಸೌಕರ್ಯವುಳ್ಳ ಕಡೆ ಸಾಮಾನ್ಯವಾಗಿ 200 ಅಡಿ ಎತ್ತರಕ್ಕೆ ಬಂದಾಗಲೂ ಓಡುದಾರಿಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮರಳಿ ಮೇಲೇರಲೇಬೇಕು.

2010ರ ಮೇ 22ರ ಮುಂಜಾನೆಯನ್ನು ನಮ್ಮ ನಾಡು ಮರೆಯಲಾರದು. ದುಬೈಯಿಂದ ಮಂಗಳೂರಿಗೆ ಬಂದ ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಅಂದು ಮೋಡದ ಅಡ್ಡಿಯಿರಲಿಲ್ಲ. 6 ಕಿಲೋಮೀಟರು ದೂರ ದೃಷ್ಟಿ ಹರಿಯುತ್ತಿತ್ತು. ಆದರೂ ವಿಮಾನವು ಇಳಿಜಾರು ಪಥಕ್ಕಿಂತ ಬಹಳ ಮೇಲಿತ್ತು. ಮರಳಿ ಏರೋಣವೆಂದು ಸಹಚಾಲಕನು ಮೂರು ಬಾರಿ ಹೇಳಿದನು. ಎಚ್ಚರಿಕೆಯ ಯಂತ್ರವೂ ಕೂಗಿತು. ಆದರೂ ಇಳಿಯುವುದನ್ನು ಕೈಬಿಡದಿದ್ದುದೇ ದುರಂತಕ್ಕೆ ಮುಖ್ಯ ಕಾರಣವೆಂದು ವಿಚಾರಣಾ ವರದಿ ನಿರ್ಣಯಿಸಿತು.

ಯಂತ್ರವು ಹಿಡಿದ ಗೆರೆಯನ್ನು ಬಿಡದು. ಆದರೆ ಆ ಗೆರೆ ಸರಿಯೇ ಎಂದು ವಿಚಾರಿಸದು. ವಿಚಾರಿಸತಕ್ಕವನು ಮನುಷ್ಯ. ತಪ್ಪೆಂದು ಕಂಡಾಗ ಜತೆಗಾರನ ಮಾತಿಗೆ ಕಿವಿಗೊಟ್ಟು ಮರಳಿ ಮೇಲೇರುವುದು ಸೋಲಲ್ಲವೆಂಬುದನ್ನು ನಮ್ಮ ಮಕ್ಕಳು ಮನಗಾಣಲೆಂದು ಹಾರೈಸುತ್ತೇವೆ.