ಜರೀಗಿಡದ ಬೆನ್ನಿನ ಚುಕ್ಕೆಗಳು

ಎಲೆಯಡಿ ಕಂದು ಚುಕ್ಕೆ ಕಂಡೊಡನೆ ಹುಳ ಬಿತ್ತೆಂದು ಚೆಂದದ ಜರೀಗಿಡವನ್ನೇ ಕಿತ್ತೆಸೆದವರನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ಪುಟಾಣಿಗಳೇ, ಎಸೆಯುವ ಮುನ್ನ ಎಲೆ ಮಗುಚಿ ನೋಡಿ. ನಾನು ಬ್ಯಾಂಕಿನಲ್ಲಿ ಬರೆಯುತ್ತಿದ್ದ ಲೆಡ್ಜರಿನ ಅಂಕಿಗಳಂತೆ ಚುಕ್ಕೆಗಳು ಸಾಲಾಗಿ, ಒಂದೇ ಅಳತೆಯಲ್ಲಿ ಇವೆಯೆ? ಹಾಗಾದರೆ ನಿಶ್ಚಿಂತೆಯಿಂದಿರಿ. ಜರೀಗಿಡಕ್ಕೆ ಹೂವಿಲ್ಲ, ಬೀಜವಿಲ್ಲ; ಆ ಚುಕ್ಕೆಗಳಲ್ಲಿರುವ ಧೂಳಿನಂಥ ಬೀಜಾಣುಗಳಿಂದಲೇ ಅದರ ವಂಶ ಬೆಳೆಯುವುದು.

ಕೂದಲಿನಂಥ ಕಪ್ಪು ಕಡ್ಡಿಯ ಮೇಡನ್‌ಹೇರ್ ಜರಿಯಲ್ಲಿ ಇವು ಎಲೆಯಂಚಿನ ಮಡಿಕೆಯಲ್ಲಿ ಅಡಗಿರುತ್ತವೆ. ಇನ್ನೊಂದು ಜರಿಯ ಎಲೆಯಡಿ ಬೆಳ್ಳಗಿರುತ್ತದೆ. ಅದನ್ನು ಮುಂಗೈಗೆ ಒತ್ತಿ ಬಿಳಿ ಅಚ್ಚು ಮೂಡಿಸುವ ಆಟ ಮಲೆನಾಡಿನ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಆ ಪುಡಿಯೂ ಹುಳವಲ್ಲ.

ಚುಕ್ಕೆಗಳು ಅಡ್ಡಾದಿಡ್ಡಿಯಾಗಿದ್ದು, ಕಡ್ಡಿಗೂ ಅಂಟಿಕೊಂಡು, ಉಗುರಿನಿಂದ ಕೆರೆದರೆ ಹಕ್ಕಳೆಯಂತೆ ಎದ್ದು ಬಂದರೆ ಅದು ಶಲ್ಕ ಕೀಟ. ಹತ್ತಿಯ ಚೂರಿನಂತೆ ಸಂದಿಯಲ್ಲಿ ಕೂತಿದ್ದರೆ ಹಿಟ್ಟು ತಿಗಣೆ. ಎರಡೂ ರಸ ಹೀರಿ ಸಿಹಿ ಅಂಟು ಸುರಿಸುತ್ತವೆ. ಇರುವೆಗಳ ಓಡಾಟವೇ ಮೊದಲ ಸುಳಿವು.

ಜರಿಯ ಎಲೆ ಬಲು ನಾಜೂಕು. ಎಣ್ಣೆ, ಸಾಬೂನು ಹೆಚ್ಚಾದರೆ ಎಲೆಯೇ ಸುಟ್ಟೀತು. ಹುಳ ಮುತ್ತಿದ ಗರಿಗಳನ್ನು ಕತ್ತರಿಸಿ, ಉಳಿದವನ್ನು ಒದ್ದೆ ಮಾಡಿದ ಹಳೆಯ ಟೂತ್‌ಬ್ರಷ್‌ನಿಂದ ಮೆತ್ತಗೆ ಉಜ್ಜಿ ತೊಳೆಯಿರಿ. ಮರಿಗಳು ಮತ್ತೆ ಹೊರಡುವುದರಿಂದ ವಾರಕ್ಕೊಮ್ಮೆಯಂತೆ 3–4 ವಾರ ಬಿಡದೆ ಮಾಡಬೇಕು. ಆಗಲೂ ಬಗ್ಗದಿದ್ದರೆ 1 ಲೀಟರ್ ನೀರಿಗೆ ಅರ್ಧ ಟೀ ಚಮಚ ಬೇವಿನೆಣ್ಣೆ, ಕೆಲವೇ ಹನಿ ಸಾಬೂನು ನೀರು ಬೆರೆಸಿ, ಸಂಜೆ ಒಂದೇ ಒಂದು ಗರಿಗೆ ಸಿಂಪಡಿಸಿ. 2 ದಿನ ಕಳೆದರೂ ಅದು ಹಸಿರಾಗಿಯೇ ಇದ್ದರೆ ಉಳಿದ ಗರಿಗಳಿಗೂ ಸಿಂಪಡಿಸಬಹುದು.